ಕ್ಯಾಮೆರಾದ ಡ್ರೈ ಕ್ಯಾಬಿನೆಟ್‌ನಲ್ಲಿ ಹಳೆಯ ಸಚಿತ್ರ ಕಥೆಪುಸ್ತಕಗಳು: ಮಂಗಳೂರಿನ ಮಳೆಗಾಲಕ್ಕೆ ಒಂದು ವಿಮರ್ಶೆ

ಮಂಗಳೂರು, ಉಡುಪಿ ಕಡೆ ಯುರೋಪಿನ ಹಳೆಯ ಸಚಿತ್ರ ಜನಪದ ಕಥೆಪುಸ್ತಕಗಳನ್ನು ಕೂಡಿಡುವವರು 80 ಲೀಟರಿನ ಎಲೆಕ್ಟ್ರಾನಿಕ್ ಡ್ರೈ ಕ್ಯಾಬಿನೆಟ್ ಕೊಳ್ಳಬಹುದೇ? ಕೊಳ್ಳಬಹುದು, ಕೊಳ್ಳಲೇಬೇಕು ಎಂದೂ ಹೇಳುತ್ತೇವೆ. ಆದರೆ ಜುಲೈ ತಿಂಗಳಲ್ಲಿ ಬೂಷ್ಟಿನ ವಾಸನೆ ಬಂದ ಮೇಲೆ ಓಡಿಹೋಗಿ ತಂದರೆ ಅರ್ಧ ಪ್ರಯೋಜನವೂ ಇಲ್ಲ. ಜನವರಿಯಲ್ಲಿ ತಂದು, ಪುಸ್ತಕಗಳನ್ನು ಫೆಬ್ರವರಿ, ಮಾರ್ಚ್‌ನಲ್ಲಿ ಒಳಗಿಟ್ಟು, ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಎಲ್ಲ ಮುಗಿಸಿರಬೇಕು. ಈ ಪೆಟ್ಟಿಗೆಯ ಒಳ್ಳೆಯದು, ಕೆಟ್ಟದ್ದು ಎಲ್ಲವೂ ಈ ಒಂದು ಮಾತಿಗೆ ಬಂದು ನಿಲ್ಲುತ್ತದೆ.

ಪೆಟ್ಟಿಗೆ ಏನೆಂದು ತಿಳಿಯದವರಿಗೆ: ಛಾಯಾಗ್ರಾಹಕರು ಲೆನ್ಸಿಗೆ ಬೂಷ್ಟು ಹಿಡಿಯದಂತೆ ಇಡುವ, ಗಾಜಿನ ಬಾಗಿಲಿನ, ಸುತ್ತ ರಬ್ಬರ್ ಪಟ್ಟಿಯ ಸಣ್ಣ ಕಬ್ಬಿಣದ ಕಪಾಟು ಇದು. ಒಳಗೆ ತೇವಾಂಶ ಎಷ್ಟಿರಬೇಕೆಂದು ಗುಂಡಿ ಒತ್ತಿ ಹೇಳಬಹುದು. ಹೆಸರು ಯಾವ ಕಂಪನಿಯದೇ ಇರಲಿ, ಒಳಗಿನ ಯಂತ್ರ ಹೆಚ್ಚಾಗಿ ಎರಡೇ ಬಗೆ. ಒಂದರಲ್ಲಿ ಪೆಲ್ಟಿಯರ್ ಎಂಬ ತಗಡು ಕರೆಂಟ್ ಹರಿದಾಗ ತಣ್ಣಗಾಗಿ ಗಾಳಿಯ ನೀರನ್ನು ಇಳಿಸುತ್ತದೆ, ಆ ನೀರು ಬತ್ತಿಯ ಮೂಲಕ ಹಿಂದಕ್ಕೆ ಹೋಗಿ ಆರುತ್ತದೆ. ಇನ್ನೊಂದರಲ್ಲಿ ನೀರು ಹೀರುವ ಹರಳುಗಳಿರುತ್ತವೆ. ಅವು ತುಂಬಿದಾಗ ಒಳಬದಿಯ ಕಿಂಡಿ ಮುಚ್ಚಿ, ಹೊರಬದಿಯದು ತೆರೆದು, ಹೀಟರ್ ಬಿಸಿ ಮಾಡಿ ಆವಿಯನ್ನು ಹೊರಗೆ ಬಿಡುತ್ತದೆ. ಕ್ಯಾಮೆರಾದವರು ಶೇ. 40ರಲ್ಲಿಡುತ್ತಾರೆ. ಪುಸ್ತಕಕ್ಕೆ ಶೇ. 50 ಸಾಕು, ಅದಕ್ಕೆ ಎರಡು ಬಗೆಯೂ ಆದೀತು. ಆಯ್ಕೆ ಇದ್ದರೆ ಹರಳಿನದನ್ನೇ ತೆಗೆದುಕೊಳ್ಳಿ. ಕರೆಂಟ್ ಹೋದಾಗ ಪೆಲ್ಟಿಯರ್ ತಗಡಿನ ಮೇಲೆ ಉಳಿದ ನೀರು ಒಳಕ್ಕೇ ಆರುವ ಸಾಧ್ಯತೆ ಇದೆ. ಹರಳಿನದಕ್ಕೆ ಆ ತೊಂದರೆಯಿಲ್ಲ, ಸ್ವಲ್ಪ ಹೊತ್ತು ಕರೆಂಟಿಲ್ಲದೆಯೂ ಹೀರುತ್ತಲೇ ಇರುತ್ತದೆ.

ನಮ್ಮ ಕರಾವಳಿಯಲ್ಲಿ ಈ ಪುಸ್ತಕಗಳಿಗೆ ಮಾತ್ರ ಇಷ್ಟು ಉಪಚಾರ ಯಾಕೆ ಎನ್ನುವುದಕ್ಕೆ ಒಂದು ಚಿತ್ರಪುಟವನ್ನು ಹತ್ತಿರದಿಂದ ನೋಡಬೇಕು. 1900ರಿಂದ 1925ರವರೆಗಿನ ಒಳ್ಳೆಯ ಕಾಲದ ಪುಸ್ತಕಗಳಲ್ಲಿ, ಅಂದರೆ ಆರ್ಥರ್ ರಾಕ್‌ಹ್ಯಾಮ್, ಎಡ್ಮಂಡ್ ಡ್ಯುಲಾಕ್, ಕಾಯ್ ನೀಲ್ಸನ್ ಅವರ ಚಿತ್ರಗಳಿರುವವುಗಳಲ್ಲಿ, ಕಥೆಯ ಕಾಗದ ಬೇರೆ, ಚಿತ್ರದ ಕಾಗದ ಬೇರೆ. ಚಿತ್ರವನ್ನು ಬಣ್ಣದ ಹಾಫ್‌ಟೋನ್ ವಿಧಾನದಲ್ಲಿ ಅಚ್ಚು ಹಾಕುತ್ತಿದ್ದರು. ಹತ್ತು ಪಟ್ಟಿನ ಮಸೂರ ಇಟ್ಟರೆ ಹಳದಿ, ಕೆಂಪು, ನೀಲಿ ಚುಕ್ಕೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಅಷ್ಟು ಸಣ್ಣ ಚುಕ್ಕೆ ಒರಟು ಕಾಗದದ ಮೇಲೆ ನಿಲ್ಲುವುದಿಲ್ಲ. ಅದಕ್ಕಾಗಿ ಬಿಳಿ ಜೇಡಿಮಣ್ಣನ್ನು ಕೇಸಿನ್ (ಹಾಲಿನಿಂದ ತೆಗೆದ ಅಂಟು) ಅಥವಾ ಸರೇಸಿನಲ್ಲಿ ಕಲಸಿ ಬಳಿದ, ನುಣುಪಾದ ಆರ್ಟ್ ಪೇಪರ್ ಬೇಕು. ಅಚ್ಚಾದ ಚಿತ್ರವನ್ನು ಕತ್ತರಿಸಿ, ಮೇಲಂಚಿಗೆ ಮಾತ್ರ ಅಂಟು ಸವರಿ ದಪ್ಪ ಕಾಗದಕ್ಕೆ ಹಚ್ಚಿ, ಎದುರಿಗೆ ತೆಳು ಟಿಶ್ಯೂ ಹಾಳೆ ಹಾಕುವುದು ವಾಡಿಕೆ.

ಈ ಮಣ್ಣಿನ ಲೇಪವೇ ಆಟಿಯ (ಜುಲೈ–ಆಗಸ್ಟ್) ಮಳೆಯಲ್ಲಿ ಕೈಕೊಡುವುದು. ವಾರಗಟ್ಟಲೆ ಶೇ. 85–90 ತೇವದಲ್ಲಿ ಕೂತರೆ ಲೇಪದ ಅಂಟು ಮೆದುವಾಗುತ್ತದೆ. ಕಪಾಟಿನಲ್ಲಿ ಅಕ್ಕಪಕ್ಕದ ಪುಸ್ತಕಗಳು ಒತ್ತಿ ಹಿಡಿದಿರುತ್ತವೆ. ಟಿಶ್ಯೂ ಚಿತ್ರಕ್ಕೆ ಹಿಡಿಯುತ್ತದೆ, ಟಿಶ್ಯೂ ಇಲ್ಲದಿದ್ದರೆ ಎದುರು ಪುಟವೇ ಹಿಡಿಯುತ್ತದೆ. ಮಳೆ ಬಿಟ್ಟು ಒಣಗಿದ ಮೇಲೆ ಎರಡೂ ಒಂದೇ ಹಲಗೆ. ಪುಟ ತಿರುವುವಾಗ ಎರಡು ಹಾಳೆ ಒಟ್ಟಿಗೆ ದಡಸಾಗಿ ಬಂದರೆ, ಅಥವಾ ಬಿಡಿಸುವಾಗ ಹಪ್ಪಳ ಮುರಿದಂಥ ಸಣ್ಣ ಚಟಪಟ ಶಬ್ದ ಬಂದರೆ ಕೈ ಅಲ್ಲೇ ನಿಲ್ಲಿಸಿ. ಎಳೆದರೆ ರಾಜಕುಮಾರಿಯ ಮುಖ ಎದುರು ಪುಟಕ್ಕೆ ಹೋಗಿರುತ್ತದೆ. ಆವಿ ಹಿಡಿದು ಬಿಡಿಸುವುದು ಅಂಚೆಚೀಟಿಗೆ ಸರಿ, ಇಲ್ಲಿ ಹಿಡಿದರೆ ಲೇಪವೇ ಕರಗಿ ಬರುತ್ತದೆ. ಅಂಚಿನಲ್ಲಷ್ಟೇ ಹಿಡಿದಿದ್ದರೆ, ನಿಧಾನವಾಗಿ ಶೇ. 50ಕ್ಕೆ ಇಳಿಸಿದಾಗ ಕೆಲವೊಮ್ಮೆ ತಾನಾಗಿ ಬಿಡುತ್ತದೆ. ಪೂರ್ತಿ ಹಿಡಿದದ್ದನ್ನು ಬಿಡಿಸುವ ದಾರಿ ಮನೆಯಲ್ಲಿ ಇಲ್ಲ. ಬೂಷ್ಟನ್ನು ಬ್ರಷ್‌ನಿಂದ ತೆಗೆಯಬಹುದು, ಸಡಿಲವಾದ ಬೆನ್ನನ್ನು ಬೈಂಡರ್ ಸರಿಮಾಡಿಕೊಟ್ಟಾನು. ಅಂಟಿಹೋದ ಚಿತ್ರಕ್ಕೆ ಹಾಗೆ ಯಾವ ಉಪಾಯವೂ ಇಲ್ಲ. ಆದ್ದರಿಂದಲೇ ಈ ಪೆಟ್ಟಿಗೆಗೆ ಹಾಕುವ ಹಣ ದಂಡವಲ್ಲ ಎನ್ನುವುದು.

ಇನ್ನು ಪೆಟ್ಟಿಗೆಯ ಬಗ್ಗೆ ಎಲ್ಲರೂ ಮಾಡಿಕೊಳ್ಳುವ ಒಂದು ತಪ್ಪು ತಿಳಿವಳಿಕೆ. ಮಳೆಗಾಲದ ಮಧ್ಯೆ ಹತ್ತು ಪುಸ್ತಕ ಒಳಗಿಟ್ಟು, ಬಾಗಿಲು ಹಾಕಿ, ಸ್ವಿಚ್ ಒತ್ತಿದರೆ ಕೆಲವೇ ಗಂಟೆಗಳಲ್ಲಿ ಮುಂದಿನ ಪರದೆ ಶೇ. 50ರ ಹತ್ತಿರ ತೋರಿಸುತ್ತದೆ. ಪುಸ್ತಕ ಒಣಗಿತು ಎಂದು ಸಮಾಧಾನವಾಗುತ್ತದೆ. ಒಣಗಿದ್ದು ಗಾಳಿ, ಪುಸ್ತಕವಲ್ಲ.

ಲೆಕ್ಕ ನೋಡಿ. 28 ಡಿಗ್ರಿ ಸೆಕೆಯಲ್ಲಿ ಶೇ. 85 ತೇವ ಇರುವ 80 ಲೀಟರ್ ಗಾಳಿಯಲ್ಲಿ ಇರುವ ನೀರು 2 ಗ್ರಾಂಗೂ ಸ್ವಲ್ಪ ಕಡಿಮೆ. ಅದನ್ನು ಶೇ. 50ಕ್ಕೆ ತರಲು ತೆಗೆಯಬೇಕಾದದ್ದು ಒಂದು ಗ್ರಾಂ ಕೂಡ ಅಲ್ಲ. ಆದರೆ ಕಾಗದದ ಕಥೆ ಬೇರೆ. ಶೇ. 50ರಲ್ಲಿ 100 ಗ್ರಾಂ ಕಾಗದ ಸುಮಾರು 6–7 ಗ್ರಾಂ ನೀರು ಹಿಡಿದಿದ್ದರೆ, ಶೇ. 85ರಲ್ಲಿ 11–12 ಗ್ರಾಂ ಹಿಡಿದಿರುತ್ತದೆ. ತಲಾ ಒಂದೂವರೆ ಕಿಲೋ ತೂಗುವ ಹತ್ತು ಕ್ವಾರ್ಟೊ (ಸುಮಾರು 26 ಸೆಂ.ಮೀ. ಎತ್ತರದ) ಪುಸ್ತಕ ಎಂದರೆ 15 ಕಿಲೋ. ಅವು ಬಿಟ್ಟುಕೊಡಬೇಕಾದ ನೀರು ಹೆಚ್ಚುಕಡಿಮೆ 750 ಗ್ರಾಂ, ಮುಕ್ಕಾಲು ಲೀಟರ್. ಲೇಪದ ಮಣ್ಣು ನೀರು ಕಡಿಮೆ ಹಿಡಿಯುವುದರಿಂದ ಚಿತ್ರ ಹೆಚ್ಚಿರುವ ಪುಸ್ತಕದಲ್ಲಿ ಇದು ಸ್ವಲ್ಪ ಇಳಿಯಬಹುದು, ಆದರೂ ಗಾಳಿಯ ನೀರಿಗೂ ಪುಸ್ತಕದ ನೀರಿಗೂ ನೂರಾರು ಪಟ್ಟು ಅಂತರ. ಕ್ಯಾಮೆರಾದ ಲೋಹ, ಗಾಜು ನೀರು ಕುಡಿಯುವುದಿಲ್ಲ. ಪುಸ್ತಕ ಕುಡಿಯುತ್ತದೆ. ಯಂತ್ರ ಮಾಡಿದ್ದು ಕ್ಯಾಮೆರಾಕ್ಕೆ. ಅದು ದಿನಕ್ಕೆ 20 ಗ್ರಾಂ ಹೊರಹಾಕುತ್ತದೆ ಎಂದೇ ಇಟ್ಟುಕೊಂಡರೂ 750 ಗ್ರಾಂಗೆ ಐದು ವಾರ ದಾಟುತ್ತದೆ. ಆ ಐದು ವಾರ ಮುಚ್ಚಿದ ಪೆಟ್ಟಿಗೆಯೊಳಗೆ ಪುಸ್ತಕದ ನಡುವಿನ ಪುಟಗಳು ಒದ್ದೆಯಾಗಿಯೇ ಇರುತ್ತವೆ.

ಫೆಬ್ರವರಿಯಲ್ಲಿ ಹಾಗಲ್ಲ. ಬಿಸಿಲು ಚುರುಗುಟ್ಟುವ ಮಧ್ಯಾಹ್ನಗಳಲ್ಲಿ ಹೊರಗಿನ ಗಾಳಿಯೇ ಸಾಕಷ್ಟು ಒಣಗಿರುತ್ತದೆ. ಪುಸ್ತಕಗಳು ನೆರಳಿನಲ್ಲಿ, ಫ್ಯಾನಿನ ಗಾಳಿಯಲ್ಲಿ ನಿಂತು ಅರ್ಧ ಕೆಲಸ ಪುಕ್ಕಟೆ ಮುಗಿಸಿಕೊಳ್ಳುತ್ತವೆ. ಆಮೇಲೆ ಪೆಟ್ಟಿಗೆ ಮಾಡಬೇಕಾದದ್ದು ಒಣಗಿಸುವ ಕೆಲಸವಲ್ಲ, ಒಣಗಿದ್ದನ್ನು ಹಾಗೇ ಕಾಯುವ ಕೆಲಸ. ಅದನ್ನು ಅದು ಬಹಳ ಚೆನ್ನಾಗಿ ಮಾಡುತ್ತದೆ. ಕರೆಂಟ್ ಹೋದರೂ ಹೆದರಿಕೆ ಬೇಡ. ಬಾಗಿಲ ರಬ್ಬರ್ ಸರಿಯಿದ್ದರೆ ಸಂದಿಯಿಂದ ನುಸುಳುವ ತೇವವನ್ನು 15 ಕಿಲೋ ಒಣ ಕಾಗದವೇ ಹೀರಿಕೊಂಡು ಗಾಳಿಯನ್ನು ಸಮಕ್ಕೆ ಇಡುತ್ತದೆ. ಗಾಳಿಮಳೆಗೆ ಮರ ಬಿದ್ದು ಇಡೀ ರಾತ್ರಿ ಕತ್ತಲಾದರೂ ಒಳಗೆ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಇನ್‌ವರ್ಟರ್‌ಗೆ ಜೋಡಿಸುವ ಅಗತ್ಯವಿಲ್ಲ.

ಪುಸ್ತಕ ನಿಜವಾಗಿ ಒಣಗಿದೆಯೇ ಎಂದು ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿಗಿಂತ ಒಳ್ಳೆಯ ಸಾಧನವಿಲ್ಲ. 5 ಕಿಲೋವರೆಗೆ, ಒಂದು ಗ್ರಾಂ ನಿಖರತೆಯಲ್ಲಿ ತೂಗುವುದು ಸಾಕು. ಒಳಗಿಡುವ ದಿನ ಪ್ರತಿ ಪುಸ್ತಕವನ್ನು ತೂಗಿ ಬರೆದಿಡಿ, ವಾರಕ್ಕೊಮ್ಮೆ ತೂಗಿ. ಮಳೆಗಾಲದ ಪಸೆ ಕುಡಿದ ಒಂದೂವರೆ ಕಿಲೋ ಪುಸ್ತಕ 60–75 ಗ್ರಾಂ ಕಳೆದುಕೊಳ್ಳಬಹುದು. ಎರಡು ವಾರ ತೂಕ ಬದಲಾಗದೆ ನಿಂತರೆ ಕೆಲಸ ಆಯಿತು. ತಕ್ಕಡಿ ಇಲ್ಲದವರಿಗೆ ಇನ್ನೊಂದು ಪರೀಕ್ಷೆ: ಪರದೆ ಶೇ. 50 ತೋರಿಸುವಾಗ ರಾತ್ರಿ ಸ್ವಿಚ್ ಆರಿಸಿ, ಬಾಗಿಲು ತೆರೆಯದೆ ಬೆಳಿಗ್ಗೆ ನೋಡಿ. 53–54ಕ್ಕೆ ನಿಂತಿದ್ದರೆ ಪುಸ್ತಕ ಒಣಗಿದೆ. 65ಕ್ಕೆ ಏರಿದ್ದರೆ ಆ ನೀರು ಬಂದದ್ದು ಪುಟಗಳಿಂದ, ಇಲ್ಲವೇ ರಬ್ಬರ್ ಪಟ್ಟಿಯ ಸಂದಿಯಿಂದ.

ರಬ್ಬರಿನ ಪರೀಕ್ಷೆಯನ್ನು ಕೊಳ್ಳುವಾಗಲೇ ಮಾಡಬೇಕು. ಒಂದು ಉದ್ದ ಕಾಗದದ ಚೂರನ್ನು ಬಾಗಿಲ ಸಂದಿಗೆ ಕೊಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಬರಬೇಕು. ನಾಲ್ಕು ಮೂಲೆ, ಕೀಲಿನ ಬದಿ, ಎಲ್ಲ ಕಡೆ ಎಳೆದು ನೋಡಿ. ಹೆಚ್ಚಾಗಿ ಸಡಿಲ ಇರುವುದು ಕೀಲಿನ ಬದಿಯ ಕೆಳಮೂಲೆಯಲ್ಲಿ, ಅದೂ ಸಾಗಾಟದಲ್ಲಿ ಪೆಟ್ಟಿಗೆ ಅಡ್ಡ ಮಲಗಿ ಬಂದಿದ್ದರೆ. ಕಾಲುಗಳ ಕೆಳಗೆ ನೆಲ ಮಟ್ಟವಿಲ್ಲದಿದ್ದರೂ ಬಾಗಿಲು ಓರೆಯಾಗುತ್ತದೆ. ಹಳೆ ಮನೆಯ ಸಿಮೆಂಟು ನೆಲದಲ್ಲಿ ರಟ್ಟು ಮಡಚಿ ಕೊಟ್ಟು ಮಟ್ಟ ಮಾಡಿ.

ಪರದೆಯ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಈ ಬಗೆಯ ಪೆಟ್ಟಿಗೆಗಳ ದೊಡ್ಡ ದೋಷ ಇದೇ. ನಾಲ್ಕೈದು ಅಂಕ ಹೆಚ್ಚುಕಡಿಮೆ ಇರುವುದು ಮಾಮೂಲು, ವರ್ಷ ಕಳೆದಂತೆ ಇನ್ನೂ ಜಾರುತ್ತದೆ. ಬೇರೆಯದೇ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ (ತೇವಾಂಶ ಅಳೆಯುವ ಮೀಟರ್) ಕೊಂಡು ಅದನ್ನು ಮೊದಲು ಉಪ್ಪಿನಿಂದ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ತುಂಬಿ, ಒದ್ದೆ ಮರಳಿನಂತಾಗುವಷ್ಟೇ ನೀರು ಹನಿಸಿ. ಉಪ್ಪು ಕರಗಿ ನೀರಾಗಬಾರದು, ಹರಳು ಕಾಣುತ್ತಿರಬೇಕು. ಮುಚ್ಚಳವನ್ನೂ ಮೀಟರನ್ನೂ ಒಂದೇ ಜಿಪ್ ಚೀಲದಲ್ಲಿ, ಒಂದಕ್ಕೊಂದು ತಾಗದಂತೆ ಇಟ್ಟು, ಗಾಳಿ ಹೋಗದಂತೆ ಮುಚ್ಚಿ 12 ಗಂಟೆ ಬಿಡಿ. ಮೀಟರ್ 75 ತೋರಿಸಬೇಕು. 79 ತೋರಿಸಿದರೆ ಎಲ್ಲ ಓದುವಿಕೆಯಲ್ಲೂ 4 ಕಳೆಯಿರಿ. ಹೀಗೆ ಪರೀಕ್ಷಿಸಿದ ಮೀಟರನ್ನು ಪೆಟ್ಟಿಗೆಯಲ್ಲಿ ಯಂತ್ರದಿಂದ ದೂರದ ಹಂತದಲ್ಲಿ, ಅಂದರೆ ಒಳಗಿನ ಅಡ್ಡ ತಟ್ಟೆಯ ಮೇಲೆ, ಇಟ್ಟು, ಅದು 50 ತೋರಿಸುವಂತೆ ಪೆಟ್ಟಿಗೆಯ ಗುಂಡಿಯನ್ನು ಹೊಂದಿಸಿಕೊಳ್ಳಿ. ಪರದೆಯಲ್ಲಿ 46 ಇದ್ದರೂ ತಲೆಕೆಡಿಸಿಕೊಳ್ಳಬೇಡಿ.

ಶೇ. 50 ಎಂದದ್ದು ಸುಮ್ಮನೆ ಅಲ್ಲ. ಶೇ. 65 ದಾಟಿ ನಿಂತರೆ ಬೂಷ್ಟಿಗೆ ದಾರಿ. 40ಕ್ಕಿಂತ ಕೆಳಗಿಳಿದರೆ ನೂರು ವರ್ಷದ ಸರೇಸು ಗರಿಗರಿಯಾಗಿ ಬೆನ್ನು ಬಿರಿಯುತ್ತದೆ. ವೆಲ್ಲಮ್ ಅಂದರೆ ಎಳೆದು ಒಣಗಿಸಿದ ಕರುವಿನ ತೊಗಲು ಹೊದಿಸಿದ ಪ್ರತಿಗಳಿಗಂತೂ ಇದು ಜೀವನ್ಮರಣದ ವಿಷಯ. ರಾಕ್‌ಹ್ಯಾಮ್ ಚಿತ್ರಿಸಿದ 1909ರ ಗ್ರಿಮ್ ಸಹೋದರರ ಕಥೆಗಳ ಸಂಪುಟದ ವಿಶೇಷ ಆವೃತ್ತಿ ಕಲಾವಿದರ ಸಹಿಯಿರುವ 750 ಪ್ರತಿಗಳಲ್ಲಿ ಬಂದಿತ್ತು. ವೆಲ್ಲಮ್ ಹೊದಿಕೆಯ ಇಂಥ ವಿಶೇಷ ಪ್ರತಿಗಳು ತೀರಾ ಒಣಗಿದರೆ ರಟ್ಟು ದೋಣಿಯಂತೆ ಬಾಗುತ್ತದೆ. ಇಂಥವಕ್ಕೆ 50–55, ಲಾಡಿ ಇದ್ದರೆ ಕಟ್ಟಿ, ಮಲಗಿಸಿ, ಮೇಲೆ ಹಗುರಾದ ಒಂದು ಹಲಗೆ. ಇಳಿಸುವುದೂ ಒಮ್ಮೆಗೇ ಬೇಡ. ಮೊದಲ ವಾರ 65, ಮುಂದಿನ ವಾರ 60, ಆಮೇಲೆ 55, ಕೊನೆಗೆ 50. ಬಟ್ಟೆ, ರಟ್ಟು, ಒಳಗಿನ ಕಾಗದ ಮೂರೂ ಒಂದೇ ವೇಗದಲ್ಲಿ ಕುಗ್ಗುವುದಿಲ್ಲ. ಅವಸರ ಮಾಡಿದರೆ ರಟ್ಟಿನ ಮೂಲೆಗಳು ಏಳುತ್ತವೆ.

ಒಳಗಿಡುವ ಮೊದಲು ಮಾಡಬೇಕಾದ ತಪಾಸಣೆಯನ್ನು ಯಾರೂ ಬಿಡಬಾರದು. ಇಲ್ಲಿ ಇಂಥ ಪುಸ್ತಕ ಬರುವುದು ಸಾಮಾನ್ಯವಾಗಿ ಎರಡು ದಾರಿಯಿಂದ. ಹಳೆ ಮನೆ ಖಾಲಿ ಮಾಡುವಾಗ ಹೊರಬೀಳುವ, ಶಾಲೆಯ ಬಹುಮಾನದ ಚೀಟಿ ಅಂಟಿಸಿದ ಪ್ರತಿಗಳು ಒಂದು. ಹೊರದೇಶದ ವ್ಯಾಪಾರಿಗಳಿಂದ ಪಾರ್ಸೆಲ್‌ನಲ್ಲಿ ಬರುವವು ಇನ್ನೊಂದು. ಮೊದಲ ಬಗೆಯವು ಪಸೆ ಕುಡಿದಿರುತ್ತವೆ, ಸಿಲ್ವರ್‌ಫಿಶ್, ಒರಲೆ, ಪುಸ್ತಕದ ಹುಳು ಯಾವುದೂ ಇರಬಹುದು. ಅವನ್ನು ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಜೊತೆ ಎರಡು ವಾರ ಬೇರೆ ಇಡಿ. ಚೀಲದ ತಳದಲ್ಲಿ ಹೊಸದಾಗಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಹುಳು ಜೀವಂತ ಇದೆ ಎಂದರ್ಥ, ಪೆಟ್ಟಿಗೆಗೆ ಸೇರಿಸಬೇಡಿ. ಬೂಷ್ಟು ಒದ್ದೆಯಾಗಿ ಬೆರಳಿಗೆ ಮೆತ್ತುವಂತಿದ್ದರೆ ಉಜ್ಜಬೇಡಿ, ಇನ್ನೂ ಒಳಕ್ಕೆ ಇಳಿಯುತ್ತದೆ. ಒಣಗಿ ಪುಡಿಯಾದ ಮೇಲೆ, ಮನೆಯ ಹೊರಗೆ, ಎನ್-95 ಮಾಸ್ಕ್ ಹಾಕಿ, ಮೆತ್ತನೆಯ ಕುಂಚದಿಂದ ಬೆನ್ನಿನಿಂದ ಅಂಚಿನ ಕಡೆಗೆ ಗುಡಿಸಿ. ಎರಡನೆಯ ಬಗೆಯವು, ಅಂದರೆ ಹೀಟರ್ ಉರಿಯುವ ಮನೆಗಳಿಂದ ಬಂದವು, ಸಾಮಾನ್ಯವಾಗಿ ಒಣಗಿಯೇ ಇರುತ್ತವೆ. ಜುಲೈಯಲ್ಲಿ ಪಾರ್ಸೆಲ್ ಬಂದರೆ ಅದನ್ನು ಬಿಚ್ಚಿ ಮೇಜಿನ ಮೇಲೆ ನಾಲ್ಕು ದಿನ ಎಲ್ಲರಿಗೂ ತೋರಿಸುತ್ತಾ ಇಡುವುದೇ ಅದಕ್ಕೆ ಮಾಡುವ ಅನ್ಯಾಯ. ತೂಗಿ, ಎಣಿಸಿ, ಅದೇ ದಿನ ಒಳಗೆ.

ಎಣಿಸುವುದು ಎಂದರೆ ಚಿತ್ರಪುಟಗಳನ್ನು. ಮುಂದಿನ ಪುಟಗಳಲ್ಲಿ ಚಿತ್ರಗಳ ಪಟ್ಟಿ ಇರುತ್ತದೆ, ಅದನ್ನು ನೋಡುತ್ತಾ ಒಂದೊಂದನ್ನೇ ಗುರುತು ಮಾಡಿ. 1909ರ ರಾಕ್‌ಹ್ಯಾಮ್ ಗ್ರಿಮ್‌ನಲ್ಲಿ ಬಣ್ಣದವು 40 ಇರಬೇಕು. ಡ್ಯುಲಾಕ್ ಚಿತ್ರಿಸಿದ 1911ರ ಹ್ಯಾನ್ಸ್ ಆಂಡರ್ಸನ್ ಕಥೆಗಳ ಸಂಪುಟದಲ್ಲಿ 28. ನೀಲ್ಸನ್ ಚಿತ್ರಿಸಿದ 1914ರ ನಾರ್ವೆಯ ಕಥೆಗಳಲ್ಲಿ 25. ಚೌಕಟ್ಟು ಹಾಕಿಸಲು ಚಿತ್ರ ಕಿತ್ತುಕೊಳ್ಳುವ ಚಾಳಿ ಹಳೆಯದು. ಮೇಲಂಚಿಗಷ್ಟೇ ಅಂಟಿರುವುದರಿಂದ ಕಿತ್ತದ್ದು ಸುಲಭಕ್ಕೆ ತಿಳಿಯುವುದೂ ಇಲ್ಲ. ದಪ್ಪ ಕಾಗದದ ಮೇಲೆ ಅಂಟಿನ ಕಂದು ಗೆರೆ ಮಾತ್ರ ಉಳಿದಿರುತ್ತದೆ. ಟಿಶ್ಯೂ ಹಳದಿಯಾಗಿದೆ ಎಂದು ಕಿತ್ತೆಸೆಯಬೇಡಿ. ಎಷ್ಟೋ ಪುಸ್ತಕಗಳಲ್ಲಿ ಚಿತ್ರದ ಶೀರ್ಷಿಕೆ ಅಚ್ಚಾಗಿರುವುದು ಅದರ ಮೇಲೆಯೇ. ಬೇಕಿದ್ದರೆ ಅದಕ್ಕೂ ಚಿತ್ರಕ್ಕೂ ನಡುವೆ ಆಮ್ಲವಿಲ್ಲದ ತೆಳು ಟಿಶ್ಯೂ ಒಂದು ಇಡಿ, ಚಿತ್ರವಿರುವಲ್ಲಿ ಮಾತ್ರ. ಎಲ್ಲ ಪುಟಕ್ಕೂ ಇಟ್ಟರೆ ಪುಸ್ತಕ ಉಬ್ಬಿ ಬೆನ್ನಿನ ಹೊಲಿಗೆ ಎಳೆಯುತ್ತದೆ.

80 ಲೀಟರ್ ಎಂಬ ಹೆಸರು ಕೇಳಿ ತುಂಬ ಹಿಡಿಯುತ್ತದೆ ಎಂದುಕೊಳ್ಳಬೇಡಿ. ಹಂತಗಳ ನಡುವಿನ ಅಂತರ ಲೆನ್ಸಿಗೆ ತಕ್ಕಂತೆ ಇರುತ್ತದೆ. 26 ಸೆಂ.ಮೀ. ಎತ್ತರದ ಕ್ವಾರ್ಟೊ ನಿಲ್ಲಿಸಲು ಒಂದು ಹಂತ ತೆಗೆಯಲೇಬೇಕು. ಮಲಗಿಸುವುದಾದರೆ ಮೂರಕ್ಕಿಂತ ಹೆಚ್ಚು ಒಂದರ ಮೇಲೊಂದು ಬೇಡ, ಕೆಳಗಿನದರ ಚಿತ್ರಗಳಿಗೆ ಭಾರ ಬೀಳುತ್ತದೆ. ತಂತಿಯ ಹಂತಗಳಿದ್ದರೆ ಅದರ ಗೆರೆ ಬಟ್ಟೆಯ ಹೊದಿಕೆಯ ಮೇಲೆ ಮೂಡುತ್ತದೆ, ಆಮ್ಲವಿಲ್ಲದ ರಟ್ಟು ಹಾಸಿ. ಹಂತದ ಭಾರಮಿತಿ ಓದಿಕೊಳ್ಳಿ. ಹಿಂಬದಿಯ ಯಂತ್ರದ ಕಿಂಡಿಗೆ ಪುಸ್ತಕ ಒತ್ತಿಕೊಂಡರೆ ಗಾಳಿ ಸುತ್ತುವುದಿಲ್ಲ. ಅಂಕಿ 50 ಇದ್ದರೂ ಮೇಲಿನ ಹಂತ 60 ಇರುವುದು ಹೀಗೆ. ಮೂರು ಬೆರಳಷ್ಟು ಜಾಗ ಬಿಡಿ. ಒಟ್ಟಿನಲ್ಲಿ ಕ್ವಾರ್ಟೊ ಹತ್ತು ಹನ್ನೆರಡು, ಇಷ್ಟೇ. ಹಾಗಾಗಿ ಯಾವುದಕ್ಕೆ ಜಾಗ ಕೊಡಬೇಕೆಂದು ಆರಿಸಲೇಬೇಕಾಗುತ್ತದೆ.

ಆಂಡ್ರ್ಯೂ ಲ್ಯಾಂಗ್ ಸಂಪಾದಿಸಿದ ಬಣ್ಣದ ಹೆಸರಿನ ಹನ್ನೆರಡು ಕಥಾ ಸಂಪುಟಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಿ. 1889ರ ನೀಲಿಯಿಂದ 1910ರ ಲೈಲಾಕ್ (ತಿಳಿ ನೇರಳೆ) ವರೆಗೆ ಲಾಂಗ್‌ಮನ್ಸ್ ಪ್ರಕಟಿಸಿದ ಸಾಲು. ಮೊದಲ ಆರು, ಅಂದರೆ ನೀಲಿ, ಕೆಂಪು, ಹಸಿರು, ಹಳದಿ, ಗುಲಾಬಿ, ಬೂದು, ಎಲ್ಲದರಲ್ಲೂ ಚಿತ್ರಗಳು ಕಪ್ಪು ಬಿಳುಪು. ಎಚ್. ಜೆ. ಫೋರ್ಡ್ ಅವರ ಗೆರೆಗಳು ಕಥೆಯ ಕಾಗದದ ಜೊತೆಗೇ ತೇವ ತಾಳಿಕೊಳ್ಳುತ್ತವೆ, ಕಂದು ಚುಕ್ಕೆ ಬೀಳಬಹುದು, ಪುಟ ಅಂಟುವುದು ಅಪರೂಪ. ಇವಕ್ಕೆ ಒಳ್ಳೆಯ ಕಪಾಟು, ಸಿಲಿಕಾ ಜೆಲ್ ಸಾಕು. 1901ರ ವಯೊಲೆಟ್‌ನಿಂದ ಬಣ್ಣದ ಚಿತ್ರಪುಟಗಳು ಶುರು, ಅದರಲ್ಲೇ ಎಂಟು. ಅಲ್ಲಿಂದ ಮುಂದಿನವನ್ನು ಪೆಟ್ಟಿಗೆಗೆ ಸೇರಿಸಿ. ನೇರಳೆ, ಲೈಲಾಕ್, ಗುಲಾಬಿ ಬಟ್ಟೆಯ ಬೆನ್ನುಗಳು ಬೆಳಕಿಗೆ ಬಹಳ ಬೇಗ ಮಾಸುತ್ತವೆ ಎಂಬುದೂ ನೆನಪಿರಲಿ. ಪೆಟ್ಟಿಗೆಯ ಗಾಜಿನ ಬಾಗಿಲು, ಒಳಗಿನ ಎಲ್‌ಇಡಿ ದೀಪ ಎರಡೂ ಪುಸ್ತಕಕ್ಕೆ ಬೇಡದ ಶೃಂಗಾರ. ದೀಪ ಆರಿಸಿ, ಗಾಜಿಗೆ ಒಳಬದಿಯಿಂದ ಕಪ್ಪು ಕಾಗದ ಹಚ್ಚಿ, ಮೀಟರ್ ನೋಡಲು ಒಂದು ಕಿಂಡಿ ಬಿಡಿ.

ಇದೇ ಸಾಲಿನ ಪುಸ್ತಕಗಳ ಶೀರ್ಷಿಕೆ ಪುಟದಲ್ಲಿ ಲಂಡನ್, ನ್ಯೂಯಾರ್ಕ್ ಜೊತೆಗೆ ಬಾಂಬೆ ಎಂದೂ ಕಾಣುವುದುಂಟು. ಇದು ಬಾಂಬೆಯಲ್ಲಿ ಅಚ್ಚಾದ ಅಗ್ಗದ ಪ್ರತಿ ಎಂದು ಹೇಳಿ ಬೆಲೆ ಇಳಿಸುವವರೂ ಇದ್ದಾರೆ, ಭಾರತದ ವಿಶೇಷ ಮುದ್ರಣ ಎಂದು ಏರಿಸುವವರೂ ಇದ್ದಾರೆ. ಎರಡೂ ತಪ್ಪು. ಪ್ರಕಾಶಕರ ಕಚೇರಿ ಅಲ್ಲಿತ್ತು, ಅಷ್ಟೇ. ಮೊದಲ ಮುದ್ರಣವೇ ಎಂದು ತಿಳಿಯಲು ಶೀರ್ಷಿಕೆ ಪುಟದ ಇಸವಿಯನ್ನೂ ಅದರ ಹಿಂಬದಿಯ ಮರುಮುದ್ರಣಗಳ ಟಿಪ್ಪಣಿಯನ್ನೂ ಒಟ್ಟಿಗೆ ನೋಡಬೇಕು.

1840ರಿಂದ 60ರ ದಶಕದವರೆಗಿನ, ಕಣ್ಣು ಕುಕ್ಕುವ ಪಚ್ಚೆ ಬಣ್ಣದ ಬಟ್ಟೆಯ ಬೈಂಡು ಕೈಗೆ ಬಂದರೆ ಅದನ್ನು ಉಳಿದವುಗಳ ಜೊತೆ ಇಡಬೇಡಿ. ಆ ಕಾಲದ ಕೆಲವು ಹಸಿರು ಬಣ್ಣಗಳಲ್ಲಿ ಆರ್ಸೆನಿಕ್ ಇದೆ, ಉಜ್ಜಿದರೆ ಉದುರುತ್ತದೆ. ಕೈಗವಸು ಹಾಕಿ, ಜಿಪ್ ಚೀಲದಲ್ಲಿ ಬೇರೆ ಇಡಿ, ಮಕ್ಕಳ ಕೈಗೆ ಕೊಡಬೇಡಿ. ತಂತಿ ಹೊಲಿಗೆ ಹಾಕಿದ ತೆಳು ಚಿತ್ರಪುಸ್ತಕಗಳಿಗೆ ಮಾತ್ರ ಪೆಟ್ಟಿಗೆಯಲ್ಲಿ ಮೊದಲ ಸ್ಥಾನ ಕೊಡಿ. ಮಲ್ಪೆ, ಉಳ್ಳಾಲ, ಸುರತ್ಕಲ್‌ನಂಥ ಕಡಲಬದಿಯ ಊರುಗಳ ಉಪ್ಪುಗಾಳಿಗೆ ಆ ತಂತಿ ತುಕ್ಕು ಹಿಡಿದು ಸುತ್ತಲಿನ ಕಾಗದವನ್ನೇ ತಿನ್ನುತ್ತದೆ.

ಪೆಟ್ಟಿಗೆ ಇಡುವ ಜಾಗವೂ ಮುಖ್ಯ. ನೈರುತ್ಯದ ಗಾಳಿಮಳೆ ಹೊಡೆಯುವ ಪಡುಗೋಡೆಗೆ ತಾಗಿಸಿ ಇಡಲೇಬೇಡಿ. ಮುರಕಲ್ಲಿನ ಗೋಡೆ ನೀರು ಕುಡಿದು ಒಳಗೆ ಪಸೆ ಬಿಡುತ್ತದೆ. ಯಾವ ಗೋಡೆಯಾದರೂ ಒಂದು ಗೇಣು ಬಿಡಿ, ಇಲ್ಲದಿದ್ದರೆ ಹಿಂಬದಿಯಿಂದ ಯಂತ್ರ ಹೊರಹಾಕುವ ಆವಿಗೆ ಹೋಗಲು ದಾರಿಯಿರುವುದಿಲ್ಲ. ಅಡುಗೆಮನೆಯ ಹತ್ತಿರ ಬೇಡ. ರಾತ್ರಿ ಮಾತ್ರ ಏಸಿ ಹಾಕುವ ಕೋಣೆಯೂ ಬೇಡ. 28 ಡಿಗ್ರಿ, ಶೇ. 85 ತೇವದ ಗಾಳಿ 25 ಡಿಗ್ರಿಯ ಮೇಲ್ಮೈ ತಾಗಿದರೆ ನೀರಾಗುತ್ತದೆ. ಏಸಿಯಲ್ಲಿ 23ಕ್ಕೆ ತಂಪಾಗಿದ್ದ ಪೆಟ್ಟಿಗೆಯನ್ನು ಬೆಳಿಗ್ಗೆ ಕಿಟಕಿ ತೆರೆದ ಕೂಡಲೇ ತೆರೆದರೆ ಪುಸ್ತಕದ ರಟ್ಟು ಬೆವರುವುದು ಕಣ್ಣಿಗೇ ಕಾಣುತ್ತದೆ.

ಬೇರೆ ಉಪಾಯಗಳ ಜೊತೆ ಹೋಲಿಸಿದರೆ ಪೆಟ್ಟಿಗೆಯೇ ಮೇಲು. ಸಿಲಿಕಾ ಜೆಲ್ ಶೇ. 50ರ ಹೊತ್ತಿಗೆ ತನ್ನ ತೂಕದ ನಾಲ್ಕನೇ ಒಂದು ಪಾಲಿನಷ್ಟು ನೀರು ಹಿಡಿಯುತ್ತದೆ. ಮುಕ್ಕಾಲು ಲೀಟರಿಗೆ ಮೂರು ಕಿಲೋ ಜೆಲ್ ಬೇಕು. ಅಷ್ಟನ್ನು ಒವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಹುರಿದು ಮತ್ತೆ ಬಳಸಬಹುದು, ಆದರೆ ಆಟಿಯಲ್ಲಿ ಅದು ಮುಗಿಯದ ಕೆಲಸ. ಬಟ್ಟೆಯ ಕಪಾಟಿಗೆ ಇಡುವ, ನೀರು ಕಟ್ಟಿಕೊಳ್ಳುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳನ್ನು ಪುಸ್ತಕದ ಹತ್ತಿರ ತರಬೇಡಿ. ಮಗುಚಿದರೆ ಆ ಉಪ್ಪುನೀರು ಕಾಗದದಲ್ಲಿ ಎಂದಿಗೂ ಒಣಗುವುದಿಲ್ಲ. ನುಸಿಗುಳಿಗೆ ಬೂಷ್ಟನ್ನು ತಡೆಯುವುದಿಲ್ಲ, ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ಆವಿ ಪುಸ್ತಕಕ್ಕೂ ಓದುವವರ ಉಸಿರಿಗೂ ಸೇರುತ್ತದೆ. ತಾಳೆಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ ಕಾಪಾಡುವ ಪದ್ಧತಿ ನಮ್ಮಲ್ಲಿ ಇದೆ, ಗರಿಗೆ ಅದು ಸರಿ. ಅದೇ ನಂಬಿಕೆಯಿಂದ ಕಾಗದದ ಪುಸ್ತಕದ ಬಟ್ಟೆಗೆ, ಅಂಚಿಗೆ ಎಣ್ಣೆ ಒರೆಸಿದ ಪ್ರತಿಗಳೂ ಕಾಣಸಿಗುತ್ತವೆ. ಆ ಕಲೆ ಹೋಗುವುದಿಲ್ಲ.

ಪೆಟ್ಟಿಗೆಯ ಕಡೆ ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ, ಗಮನ ಕೊಟ್ಟರೆ ಸಾಕು. ಪ್ಲಗ್ ತೆಗೆದು ಹಿಂಬದಿಯ ಜಾಲರಿಯ ಧೂಳು ಒರೆಸಿ, ರಬ್ಬರನ್ನು ಒದ್ದೆ ಬಟ್ಟೆಯಿಂದ ಒರೆಸಿ ಆರಿಸಿ, ಕಾಗದದ ಚೂರು ಎಳೆದು ನೋಡಿ, ಮೀಟರಿಗೆ ಮತ್ತೊಮ್ಮೆ ಉಪ್ಪಿನ ಪರೀಕ್ಷೆ ಮಾಡಿ. ಮಳೆಗಾಲದಲ್ಲಿ ಬಾಗಿಲು ತೆರೆಯುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಓದಬೇಕಾದದ್ದನ್ನು ಒಮ್ಮೆಗೇ ತೆಗೆದು ಅರ್ಧ ಗಂಟೆಯೊಳಗೆ ಹಿಂದಿಡಿ.

ಗುಸ್ತಾವ್ ಡೊರೆಯ ಚಿತ್ರಗಳಿರುವ 1862ರ ಪೆರೋ ಕಥೆಗಳಂಥ ದೊಡ್ಡ ಫೋಲಿಯೊಗಳು, 40 ಸೆಂ.ಮೀ. ಮೀರಿದವು, ಈ 80 ಲೀಟರಿನಲ್ಲಿ ಮಲಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ಅದಕ್ಕಾಗಿ ದೊಡ್ಡ ಪೆಟ್ಟಿಗೆ ಕೊಳ್ಳುವ ಅಗತ್ಯವಿಲ್ಲ. ಅವು ಮರದ ಕೆತ್ತನೆಯ ಅಚ್ಚುಗಳು, ಆರ್ಟ್ ಪೇಪರಿನ ಲೇಪದ ತೊಂದರೆ ಅವಕ್ಕಿಲ್ಲ. ಮಾರ್ಚ್‌ನಲ್ಲಿ ಚೆನ್ನಾಗಿ ಒಣಗಿಸಿ, ದಪ್ಪ ಪಾಲಿಥೀನ್ ಚೀಲದಲ್ಲಿ ಅರ್ಧ ಕಿಲೋ ಹೊಸದಾಗಿ ಹುರಿದ ಸಿಲಿಕಾ ಜೆಲ್ ಮತ್ತು ಒಂದು ಮೀಟರ್ ಇಟ್ಟು, ಬಾಯಿ ಬಿಗಿಯಾಗಿ ಮುಚ್ಚಿ, ಮಟ್ಟವಾದ ಹಲಗೆಯ ಮೇಲೆ ಮಲಗಿಸಿ. ಮೀಟರ್ 60 ದಾಟಿದ ದಿನ ಜೆಲ್ ಬದಲಿಸಿ.